ಜೀಪಿನ ಬ್ರೇಕ್ ಲೈಟ್ ಸ್ವಿಚ್ಚು, ಪಲ್ಪರ್ ಮನೆಯ ಸ್ಪ್ಯಾನರು

ಜೂನ್ ಕೊನೆಯ ವಾರ. ಗಂಟೆ ಐದೂವರೆ ಇರಬೇಕು, ಆದರೆ ಮಂಜು ಇಳಿದು ಏಳು ಗಂಟೆಯ ಕತ್ತಲಾಗಿತ್ತು. ಕೊಡಗಿನ ನಾಪೋಕ್ಲಿನಿಂದ ಒಂದು ಮೂಟೆ ಅಕ್ಕಿ, ಅವ್ವನ ಮಾತ್ರೆ, ಕೆಲಸದವರಿಗೆ ನಾಲ್ಕು ಪ್ಲಾಸ್ಟಿಕ್ ಕೊಪ್ಪೆ ತೆಗೆದುಕೊಂಡು ಕಕ್ಕಬ್ಬೆ ಕಡೆಗೆ ಬರುತ್ತಿದ್ದೆ. ತಿರುವಿನಲ್ಲಿ ಒಂದು ಹಸು ರಸ್ತೆಗೆ ಅಡ್ಡ ನಿಂತಿತ್ತು. ಬ್ರೇಕ್ ಹಿಡಿದೆ. ಜೀಪು ನಿಂತಿತು. ಹಿಂದೆ ಏನೋ ಉಜ್ಜಿಕೊಂಡು ಹೋದ ಸದ್ದು.

ಇಳಿದು ನೋಡಿದರೆ ಒಬ್ಬ ಹುಡುಗ. ಇಪ್ಪತ್ತು ವರ್ಷ ಇರಬಹುದು. ಸ್ಕೂಟರು ರಸ್ತೆ ಪಕ್ಕದ ಚರಂಡಿಯ ಹುಲ್ಲಿನಲ್ಲಿ ಮಲಗಿತ್ತು. ಅವನು ಎದ್ದು ನಿಂತು ಮೊಣಕಾಲು ಒರೆಸಿಕೊಳ್ಳುತ್ತಿದ್ದ. ಪ್ಯಾಂಟು ಹರಿದು ಸ್ವಲ್ಪ ರಕ್ತ ಬಂದಿತ್ತು. ನನಗೆ ಕೈಕಾಲು ನಡುಗಿತು. ಅವನೇ ನನಗೆ ಸಮಾಧಾನ ಹೇಳಿದ.

"ಏನೂ ಆಗಿಲ್ಲ ಅಕ್ಕಾ. ಆದರೆ ನೀವು ಬ್ರೇಕ್ ಹಿಡಿದದ್ದೇ ನನಗೆ ಗೊತ್ತಾಗಲಿಲ್ಲ. ನಿಮ್ಮ ಬ್ರೇಕ್ ಲೈಟ್ ಬರ್ತಾ ಇಲ್ಲ."

ಅವನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಪಟ್ಟಿ ಹಾಕಿಸಿ, ಮನೆಗೆ ಬಿಟ್ಟು ಬಂದೆ. ರಾತ್ರಿ ನಿದ್ದೆ ಬರಲಿಲ್ಲ. ಆ ಹುಡುಗ ಒಂದು ಅಡಿ ಆಚೆಗೆ ಬಂದಿದ್ದರೆ ಜೀಪಿನ ಹಿಂದಿನ ಬಂಪರಿಗೆ ನೇರ ತಲೆ ಬಡಿಯುತ್ತಿತ್ತು. ಮಳೆಗಾಲದಲ್ಲಿ ನಮ್ಮ ಈ ರಸ್ತೆಗಳಲ್ಲಿ ಮುಂದಿನ ಗಾಡಿಯ ಮೈ ಕಾಣುವುದಿಲ್ಲ. ಎರಡು ಕೆಂಪು ಚುಕ್ಕೆ ಮಾತ್ರ ಕಾಣುತ್ತದೆ. ಆ ಚುಕ್ಕೆ ದಪ್ಪ ಆದರೆ ಮುಂದಿನವನು ನಿಲ್ಲುತ್ತಿದ್ದಾನೆ ಅಂತ ಅರ್ಥ. ನನ್ನ ಚುಕ್ಕೆ ದಪ್ಪ ಆಗಲೇ ಇಲ್ಲ.

ಜೀಪು ಅಪ್ಪನದ್ದು. ಸಿಜೆ-3ಬಿ. ಹಳೇ ಜೀಪುಗಳ ಬಗ್ಗೆ ಗೊತ್ತಿರುವವರಿಗೆ ಬಾನೆಟ್ಟು ನೋಡಿದ ತಕ್ಷಣ ತಿಳಿಯುತ್ತದೆ, ಉಳಿದವಕ್ಕಿಂತ ಅದು ಎತ್ತರ. ವಿಲ್ಲೀಸ್ ಕಂಪನಿ ಹರಿಕೇನ್ ಅನ್ನುವ ಹೊಸ ಎಂಜಿನ್ ಮಾಡಿತು. ವಾಲ್ವು ಮೇಲೆ ಬಂದದ್ದರಿಂದ ಎಂಜಿನ್ನಿನ ಎತ್ತರ ಜಾಸ್ತಿ ಆಯಿತು. ಅದನ್ನು ಕೂರಿಸಲು ಬಾನೆಟ್ಟನ್ನೇ ಎತ್ತರಿಸಿದರು. 1953ರಲ್ಲಿ ಅಮೆರಿಕದಲ್ಲಿ ಬಂದ ಮಾಡೆಲ್ ಅದು. ಅಲ್ಲಿ 1968ಕ್ಕೆ ನಿಂತಿತು. ನಮ್ಮಲ್ಲಿ ಮಹೀಂದ್ರಾದವರು ಆಮೇಲೂ ಮಾಡುತ್ತಿದ್ದರು. ಅಪ್ಪ ಇದನ್ನು 1978ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡರು. ನಾನು ಗಾಡಿ ಓಡಿಸಲು ಕಲಿತದ್ದು ಇದರಲ್ಲೇ, ಕಾಫಿ ಒಣಗಿಸುವ ಕಣದಲ್ಲಿ ಸುತ್ತು ಹೊಡೆದು. ಅಪ್ಪ ತೀರಿಕೊಂಡು ಆರು ವರ್ಷ ಆಯಿತು. ತೋಟ ನಾನು ನೋಡಿಕೊಳ್ಳುತ್ತೇನೆ, ಜೀಪನ್ನೂ ನಾನೇ ನೋಡಿಕೊಳ್ಳುತ್ತೇನೆ.

ಮರುದಿನ ಬೆಳಿಗ್ಗೆ ಮೊದಲು ಬಲ್ಬು ಬಿಚ್ಚಿದೆ. ಹಿಂದಿನ ದೀಪದಲ್ಲಿ ಒಂದೇ ಬಲ್ಬಿನೊಳಗೆ ಎರಡು ತಂತಿ ಇರುತ್ತವೆ. ರಾತ್ರಿ ಸದಾ ಉರಿಯುವುದಕ್ಕೆ 5 ವ್ಯಾಟಿನದ್ದು, ಬ್ರೇಕಿಗೆ 21 ವ್ಯಾಟಿನದ್ದು. ಎರಡೂ ಬಲ್ಬು ಸರಿ ಇದ್ದವು. ಫ್ಯೂಸು ಸರಿ ಇತ್ತು. ಹಾಗಾದರೆ ಸ್ವಿಚ್ಚು.

ಈಗಿನ ಕಾರುಗಳಲ್ಲಿ ಬ್ರೇಕ್ ಲೈಟಿನ ಸ್ವಿಚ್ಚು ಪೆಡಲಿನ ಹತ್ತಿರವೇ ಇರುತ್ತದೆ. ಪೆಡಲು ಕದಲಿದರೆ ಲೈಟ್ ಬರುತ್ತದೆ. ಈ ಜೀಪಿನಲ್ಲಿ ಹಾಗಲ್ಲ. ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರು ಡ್ರೈವರ್ ಕಾಲ ಕೆಳಗೆ, ತಳದ ತಗಡಿನ ಅಡಿಯಲ್ಲಿ ಚಾಸಿಗೆ ಕೂತಿರುತ್ತದೆ. ಅದರ ಮುಂದಿನ ತುದಿಗೆ ಸ್ವಿಚ್ಚನ್ನು ತಿರುಗಿಸಿ ಬಿಗಿದಿರುತ್ತಾರೆ. ಪೆಡಲು ತುಳಿದಾಗ ಬ್ರೇಕ್ ಆಯಿಲಿನ ಒತ್ತಡ ಸ್ವಿಚ್ಚಿನ ಒಳಗಿರುವ ತೆಳು ಪರದೆಯನ್ನು ತಳ್ಳುತ್ತದೆ. ಪರದೆ ಒಂದು ಲೋಹದ ಬಿಲ್ಲೆಯನ್ನು ತಳ್ಳುತ್ತದೆ. ಬಿಲ್ಲೆ ಎರಡು ಟರ್ಮಿನಲ್‌ಗೆ ತಾಗಿದರೆ ಕರೆಂಟು ಹರಿಯುತ್ತದೆ. ಇಷ್ಟೇ ಕೆಲಸ. ಆದರೆ ಪೂರ್ತಿ ಮುಚ್ಚಿದ ಡಬ್ಬಿ. ಬಿಚ್ಚಿ ರಿಪೇರಿ ಮಾಡುವ ಹಾಗಿಲ್ಲ, ಹಾಳಾದರೆ ಬದಲಾಯಿಸಬೇಕು.

ಕಣದಲ್ಲಿ ಗೋಣಿ ಹಾಸಿ ಜೀಪಿನ ಅಡಿಗೆ ಹೋದೆ. ಸ್ವಿಚ್ಚಿನ ಎರಡು ವಯರನ್ನು ಕಿತ್ತು, ಒಂದು ತುಂಡು ತಂತಿಯಿಂದ ಎರಡನ್ನೂ ಸೇರಿಸಿದೆ. ಅವ್ವ ಹಿಂದೆ ಕೊಡೆ ಹಿಡಿದು ನಿಂತಿದ್ದರು.

"ಬಂತು! ಎರಡೂ ಬಂತು!" ಅಂತ ಕೂಗಿದರು.

ವಯರು ಸರಿ, ಬಲ್ಬು ಸರಿ, ಸ್ವಿಚ್ಚೇ ಸತ್ತಿದೆ. ಅಷ್ಟರಲ್ಲಿ ನನ್ನ ಬೆರಳು ನೋಡಿಕೊಂಡೆ. ಜಿಡ್ಡು ಜಿಡ್ಡು. ಟರ್ಮಿನಲ್ ಪಕ್ಕದಿಂದ ಬ್ರೇಕ್ ಆಯಿಲು ಸಣ್ಣಗೆ ಜಿನುಗುತ್ತಿತ್ತು. ಲೈಟಿನ ಚಿಂತೆಗಿಂತ ದೊಡ್ಡ ಚಿಂತೆ ಆಗ ಶುರುವಾಯಿತು. ಈ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಬ್ರೇಕಿನ ಲೈನ್ ಒಂದೇ. ಈಗಿನ ಗಾಡಿಗಳ ಹಾಗೆ ಎರಡು ಭಾಗ ಮಾಡಿಲ್ಲ. ಎಲ್ಲಿ ತೂತಾದರೂ ನಾಲ್ಕು ಚಕ್ರದ ಬ್ರೇಕೂ ಹೋಯಿತು ಅಂತಲೇ ಲೆಕ್ಕ. ಪರದೆ ಪೂರ್ತಿ ಹರಿದಿದ್ದರೆ ನಾನು ಆ ಹಸುವಿನ ಮುಂದೆ ನಿಲ್ಲುತ್ತಲೇ ಇರಲಿಲ್ಲ. ಹಳೇ ಜೀಪು ಇಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಇವತ್ತೇ ಒಮ್ಮೆ ಆ ಸ್ವಿಚ್ಚಿನ ತಲೆ ಮುಟ್ಟಿ ನೋಡಿ. ಒಣಗಿರಬೇಕು.

ಬದಲಾಯಿಸಬೇಕು ಅಂದುಕೊಳ್ಳುವುದು ಸುಲಭ. ಬಿಚ್ಚುವುದು ಹೇಗೆ? ಸ್ವಿಚ್ಚಿನ ಬುಡದಲ್ಲಿ ಹಿತ್ತಾಳೆಯ ಆರು ಮುಖದ ನಟ್ಟಿನಂಥ ಭಾಗ ಇದೆ. ಅದರ ಮೇಲೆ ತಗಡು ಮಡಚಿ ಕೂರಿಸಿದ ಡಬ್ಬಿ, ಅದರ ಮೇಲೆ ಬೇಕಲೈಟಿನ ಕಪ್ಪು ತಲೆ. ಬಲ ಹಾಕಬೇಕಾದದ್ದು ಬುಡಕ್ಕೆ ಮಾತ್ರ. ಡಬ್ಬಿಯನ್ನು ಹಿಡಿದು ತಿರುಗಿಸಿದರೆ ತಲೆ ಕಿತ್ತು ಕೈಗೆ ಬರುತ್ತದೆ, ಬುಡ ಸಿಲಿಂಡರಿನಲ್ಲೇ ಉಳಿಯುತ್ತದೆ. ಟಾರ್ಚು ಬಿಟ್ಟು ನೋಡಿದಾಗ ಡಬ್ಬಿಯ ಮೇಲೆ ಹಲ್ಲಿನ ಗುರುತು ಕಂಡಿತು. ಯಾವ ಕಾಲದಲ್ಲೋ ಯಾರೋ ಪೈಪ್ ರೆಂಚ್ ಹಾಕಿದ್ದಾರೆ. ಆ ಕಡೆ ತಗಡು ಒಳಗೆ ತಗ್ಗಿತ್ತು. ಆರು ಮೂಲೆಯಲ್ಲಿ ಎರಡು ಆಗಲೇ ಸವೆದಿದ್ದವು. ಉಳಿದ ನಾಲ್ಕನ್ನು ನಾನು ಹಾಳು ಮಾಡಬಾರದು.

ನನ್ನ ಹತ್ತಿರ ಇರುವುದು ಮಿಲಿಮೀಟರ್ ಸ್ಪ್ಯಾನರಿನ ಸೆಟ್ಟು. ದೊಡ್ಡದರಲ್ಲಿ 24-27. 24ರ ಬಾಯಿ ಹಿಡಿಸಲಿಲ್ಲ. 27 ಹಾಕಿದರೆ ಗಂಟೆಯ ನಾಲಿಗೆಯ ಹಾಗೆ ಅಲುಗಾಡುತ್ತದೆ. ಸ್ಕ್ರೂ ಸ್ಪ್ಯಾನರ್ ಹಾಕಲು ನೋಡಿದೆ. ಅದರ ತಲೆ ದಪ್ಪ, ಚಾಸಿ ಅಡ್ಡ ಬರುತ್ತದೆ.

ಗ್ಯಾರೇಜಿನ ಕಾಕನಿಗೆ ಫೋನ್ ಮಾಡಿದೆ. ಅಪ್ಪನ ಕಾಲದಿಂದ ಜೀಪು ನೋಡಿದವರು ಅವರು. ಈಗ ಎಪ್ಪತ್ತು ದಾಟಿದೆ, ಗ್ಯಾರೇಜನ್ನು ಮಗ ನಡೆಸುತ್ತಾನೆ. ಕಾಕ ಮಧ್ಯಾಹ್ನ ಬಸ್ಸಿನಲ್ಲಿ ಬಂದರು, ಜೇಬಿನಲ್ಲಿ ಒಂದು 26ರ ಸ್ಪ್ಯಾನರ್ ಇಟ್ಟುಕೊಂಡು. ಅದನ್ನೂ ಹಾಕಿ ನೋಡಿದೆವು. ಕೂತಿತು, ಆದರೆ ಬಲ ಕೊಟ್ಟ ತಕ್ಷಣ ಮೂಲೆಯ ಮೇಲೆ ಜಾರಲು ಹೊರಟಿತು. ಕಾಕ ನನ್ನ ಕೈ ಹಿಡಿದರು. ಅವರು ನನ್ನನ್ನು ಕರೆಯುವುದು ಮೋಳೇ ಅಂತ, ಮಲಯಾಳದಲ್ಲಿ ಮಗಳೇ ಅಂತ ಅರ್ಥ.

"ಬೇಡ ಮೋಳೇ. ಇನ್ನೊಂದು ಸಲ ಜಾರಿದರೆ ಆಮೇಲೆ ಯಾವ ಸ್ಪ್ಯಾನರೂ ಹಿಡಿಯಲ್ಲ. ಮೊದಲು ಅಳತೆ ನೋಡು."

ಅಪ್ಪನ ವರ್ನಿಯರ್ ಕ್ಯಾಲಿಪರ್ ಮೇಜಿನ ಡ್ರಾಯರಿನಲ್ಲಿತ್ತು. ತಂತಿ ಬ್ರಶ್ಶಿನಿಂದ ಮಣ್ಣು, ತುಕ್ಕು ಉಜ್ಜಿ ತೆಗೆದು, ಸವೆಯದ ಎರಡು ಮುಖದ ನಡುವೆ ಹಿಡಿದೆ. 25.3. ಒಂದು ಇಂಚು ಅಂದರೆ 25.4. ಅಮೆರಿಕದ ಜೀಪು, ಇಂಚಿನ ನಟ್ಟು. ನಮ್ಮ ದೇಶ 1956ರಲ್ಲೇ ಮೀಟರ್, ಕಿಲೋ ಅಂತ ಕಾಯ್ದೆ ಮಾಡಿತು. ಜೀಪಿನ ನಕ್ಷೆ ಮಾತ್ರ ಇಂಚಿನಲ್ಲೇ ಉಳಿಯಿತು.

"ಇಂಚಿನ ಸೆಟ್ಟು ನಿಮ್ಮ ಹತ್ತಿರ ಇತ್ತಲ್ಲ ಕಾಕ?" ಅಂದೆ.

ಕಾಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂದು ಕಾಲದಲ್ಲಿ ಅವರ ಗ್ಯಾರೇಜಿನ ಮುಂದೆ ಜೀಪುಗಳ ಸಾಲೇ ಇರುತ್ತಿತ್ತು. ಈಗ ಬರುವುದೆಲ್ಲ 10, 12, 14, 17 ಮಿಲಿಮೀಟರಿನ ನಟ್ಟು. ಮಗ ಶೆಡ್ಡು ಕಟ್ಟುವಾಗ ಇಂಚಿನ ಸ್ಪ್ಯಾನರುಗಳನ್ನು ಗುಜರಿಗೆ ತೂಕಕ್ಕೆ ಹಾಕಿದನಂತೆ. "ಆ ದಿವಸ ನಾನು ಊರಲ್ಲಿ ಇರಲಿಲ್ಲ ಮೋಳೇ," ಅಂದರು. ಅವರ ಮುಖ ನೋಡಿ ನನಗೆ ಮತ್ತೆ ಕೇಳಲು ಮನಸ್ಸಾಗಲಿಲ್ಲ.

ಮರುದಿನ ಬಸ್ಸು ಹತ್ತಿ ಮಡಿಕೇರಿಗೆ ಹೋದೆ. ಮೂರು ಹಾರ್ಡ್‌ವೇರ್ ಅಂಗಡಿ ತಿರುಗಿದೆ. "ಒಂದು ಇಂಚಿನ ಸ್ಪ್ಯಾನರ್ ಇದೆಯಾ?" ಅಂದರೆ ಒಬ್ಬರು ಪೈಪ್ ರೆಂಚ್ ತೆಗೆದುಕೊಟ್ಟರು. ಪಾಪ, ಅವರ ತಪ್ಪಲ್ಲ. ಈಗ ಇಂಚು ಅಂತ ಕೇಳುವವರು ನೀರಿನ ಪೈಪಿನವರು ಮಾತ್ರ ಅಲ್ವಾ. ವಿರಾಜಪೇಟೆಯಲ್ಲಿ ಒಬ್ಬರು ಒಂದು ತುದಿ 15/16, ಇನ್ನೊಂದು ತುದಿ 1 ಇಂಚು ಇರುವ 15/16-1 ಜೋಡಿ ಬರುತ್ತೆ, ಮೈಸೂರಿನಿಂದ ತರಿಸಿಕೊಡ್ತೀನಿ, ವಾರ ಆಗುತ್ತೆ ಅಂತ ಫೋನಿನಲ್ಲಿ ಹೇಳಿದರು. ಸ್ವಿಚ್ಚು ಮಾತ್ರ ಒಂದು ಅಂಗಡಿಯಲ್ಲಿ ಸಿಕ್ಕಿತು. "ಜೀಪಿನದ್ದೇ" ಅಂದರು. ತಗೊಂಡೆ.

ಆ ವಾರ ಮಳೆ ಬಿಡಲಿಲ್ಲ. ಎರಡು ಕಡೆ ಮರ ಬಿದ್ದು ಕರೆಂಟು ಹೋಯಿತು. ಜೀಪು ಶೆಡ್ಡಿನಲ್ಲೇ ನಿಂತಿತ್ತು. ನಾನು ಆ ಬುಡಕ್ಕೆ ದಿನಕ್ಕೆ ಎರಡು ಸಲ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಿದ್ದೆ. ಬೆಂಕಿ ತೋರಿಸಿದರೆ ಬೇಗ ಸಡಿಲ ಆಗುತ್ತೆ ಅಂತ ಒಬ್ಬರು ಹೇಳಿದರು. ಅದು ದೊಡ್ಡ ಅಪಾಯ. ಸಿಲಿಂಡರಿನ ಒಳಗೆ ಬ್ರೇಕ್ ಆಯಿಲು, ರಬ್ಬರಿನ ವಾಶರುಗಳು. ಅಲ್ಲಿ ಬೆಂಕಿಯ ಕೆಲಸ ಇಲ್ಲ.

ಪಲ್ಪರ್ ಮನೆಗೆ ಹೋದದ್ದು ಸ್ಪ್ಯಾನರ್ ಹುಡುಕಿಕೊಂಡು ಅಲ್ಲ. ಸೂರಿನ ಒಂದು ಹಂಚು ಜಾರಿ ನೀರು ಸೋರುತ್ತಿದೆ ಅಂತ ತೋಟದ ಲೆಕ್ಕ ನೋಡುವ ರೈಟರ್ ಬಂದು ಹೇಳಿದರು. ನೋಡಲು ಹೋದೆ. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ನಮ್ಮದು ತುಂಬಾ ಹಳೆಯದು, ಅಜ್ಜನ ಕಾಲದಲ್ಲಿ ಇಂಗ್ಲೆಂಡಿನಿಂದ ಬಂದದ್ದು. ದಪ್ಪ ಎರಕದ ಕಬ್ಬಿಣ, ತಾಮ್ರದ ಸುತ್ತು ತಗಡು. ಈಗ ಹಣ್ಣನ್ನು ಹಾಗೇ ಒಣಗಿಸಿ ಚೆರಿ ಮಾಡುವುದೇ ಜಾಸ್ತಿ, ಅದಕ್ಕೆ ಕೆಲಸ ಕಡಿಮೆ. ಅದರ ಹಿಂದಿನ ಗೋಡೆಗೆ ಒಂದು ಮರದ ಹಲಗೆ. ಹಲಗೆಯ ಮೇಲೆ ಮೊಳೆ ಹೊಡೆದು ಸ್ಪ್ಯಾನರುಗಳನ್ನು ತೂಗು ಹಾಕಿದ್ದಾರೆ. ಯಾವುದು ಎಲ್ಲಿಗೆ ಅಂತ ಗೊತ್ತಾಗಲು ಅಪ್ಪ ಒಂದೊಂದರ ಸುತ್ತ ಕೆಂಪು ಬಣ್ಣದಲ್ಲಿ ಗೆರೆ ಎಳೆದಿದ್ದರು. ಒಟ್ಟು ಏಳು. ಚಿಕ್ಕಂದಿನಿಂದ ನೋಡಿದ್ದೇನೆ. ಮಡಿಕೇರಿಗೆ ಹೋಗುವ ಮೊದಲೂ ನೋಡಿದ್ದೆ. ದೊಡ್ಡದರ ಮೇಲಿದ್ದ ನಂಬರ್ ಓದಿ ಬಿಟ್ಟುಬಿಟ್ಟಿದ್ದೆ. 9/16 ಡಬ್ಲ್ಯು ಅಂತ ಇತ್ತು. ಒಂದು ಇಂಚಿಗೆ ಅದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, 14 ಮಿಲಿಮೀಟರು.

ಅವತ್ತು ಹಂಚು ಸರಿ ಮಾಡುವವನು ಏಣಿ ತರುವ ತನಕ ಸುಮ್ನೆ ನಿಂತಿದ್ದೆ. ಕಣ್ಣು ಅದರ ಬಾಯಿಯ ಮೇಲೆ ಹೋಯಿತು. 14 ಮಿಲಿಮೀಟರಿನ ಬಾಯಿ ಅಷ್ಟು ಅಗಲ ಇರಲು ಸಾಧ್ಯವೇ ಇಲ್ಲ. ನನ್ನ ಹೆಬ್ಬೆರಳು ಅದರೊಳಗೆ ಹೋಗಿ ಇನ್ನೂ ಜಾಗ ಉಳಿಯಿತು. ಮೊಳೆಯಿಂದ ತೆಗೆದು ಮನೆಗೆ ಓಡಿದೆ. ಕ್ಯಾಲಿಪರ್ ಹಿಡಿದರೆ 25.7.

ಡಬ್ಲ್ಯು ಅಂದರೆ ವಿಟ್‌ವರ್ತ್. ಜೋಸೆಫ್ ವಿಟ್‌ವರ್ತ್ ಅನ್ನುವ ಇಂಗ್ಲೆಂಡಿನ ಎಂಜಿನಿಯರ್ 1841ರಲ್ಲಿ ಬೋಲ್ಟು ನಟ್ಟಿನ ಥ್ರೆಡ್ಡಿಗೆ, ಅಂದರೆ ಸುತ್ತಿಕೊಂಡು ಹೋಗುವ ಹಲ್ಲಿಗೆ, ಒಂದು ಅಳತೆ ಗೊತ್ತು ಮಾಡಿದ. ಅದಕ್ಕೆ ಮುಂಚೆ ಒಂದೊಂದು ಕಾರ್ಖಾನೆಯಲ್ಲಿ ಒಂದೊಂದು ಥ್ರೆಡ್ಡು. ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಬರೆದಿರುವ ನಂಬರು ಬಾಯಿಯ ಅಗಲ ಅಲ್ಲ, ಬೋಲ್ಟಿನ ದಪ್ಪ. 9/16 ಇಂಚು ದಪ್ಪದ ಬೋಲ್ಟಿನ ತಲೆ ಎಷ್ಟು ದೊಡ್ಡದೋ ಅಷ್ಟು ಬಾಯಿ, ಅಂದರೆ 1.01 ಇಂಚು. ಒಂದು ಇಂಚಿನ ನಟ್ಟಿಗೆ ಒಂದು ಕೂದಲಿನಷ್ಟು ಜಾಸ್ತಿ. ನಾನು ಅಮೆರಿಕದ ಲೆಕ್ಕದಲ್ಲಿ ಓದಿ, ಇಂಗ್ಲೆಂಡಿನ ಸ್ಪ್ಯಾನರನ್ನು ವಾಪಸು ಮೊಳೆಗೆ ಹಾಕಿದ್ದೆ. ಅಷ್ಟು ದಿನ ನಾನು ಊರೂರು ತಿರುಗುವಾಗ ಅದು ಅಲ್ಲೇ ನೇತಾಡುತ್ತಿತ್ತು.

ಹಾಕಿ ನೋಡಿದೆ. ಕೂತಿತು. 26ರಲ್ಲಿ ಇದ್ದ ಅಲುಗಾಟ ಇರಲಿಲ್ಲ. ಇದರ ಬಾಯಿ ಅಗಲಕ್ಕೆ ಮಾತ್ರ ಸರಿ ಅಲ್ಲ, ಉಕ್ಕೂ ದಪ್ಪ. ಮುಖದ ಮೇಲೆ ಪೂರ್ತಿ ತಾಗುತ್ತದೆ.

ಆದರೆ ಇನ್ನೊಂದು ತೊಂದರೆ. ಸ್ಪ್ಯಾನರು ಒಂದು ಅಡಿ ಉದ್ದ. ಒಂದು ಕಡೆ ಚಾಸಿ, ಇನ್ನೊಂದು ಕಡೆ ಬ್ರೇಕ್ ಪೈಪು. ಹಿಡಿಯ ತುದಿ ಒಂದು ಗೇಣಷ್ಟು ಮಾತ್ರ ಆಡುತ್ತದೆ. ಹಾಗೆ ಸ್ವಲ್ಪ ತಿರುಗಿಸಿ, ತೆಗೆದು, ವಾಪಸು ಅದೇ ಜಾಗಕ್ಕೆ ಹಾಕಿದರೆ ಮುಂದಿನ ಮುಖ ಸಿಗುವುದಿಲ್ಲ. ಹಿಡಿಯನ್ನು ಅರ್ಧಕ್ಕೆ ಕತ್ತರಿಸಿ ಬಿಡೋಣ ಅಂತ ವೆಲ್ಡಿಂಗ್ ಅಂಗಡಿಯವರು ಹೇಳಿದರು. ನನ್ನಿಂದ ಆಗಲಿಲ್ಲ. ಅಜ್ಜ ಹಿಡಿದದ್ದು, ಅಪ್ಪ ಹಿಡಿದದ್ದು. ಹಿಡಿಯ ನಡುವೆ ಎರಡು ತಲೆಮಾರಿನ ಕೈ ತಾಗಿ ನುಣುಪಾಗಿದೆ. ಕೆಂಪು ಗೆರೆಯೊಳಗೆ ಅದು ಪೂರ್ತಿಯಾಗಿಯೇ ವಾಪಸು ಹೋಗಬೇಕು.

ಕಾಕನೇ ದಾರಿ ತೋರಿಸಿದರು. ಸ್ಪ್ಯಾನರನ್ನು ಮೇಜಿನ ಮೇಲೆ ಇಟ್ಟು, "ಇದರ ತಲೆ ನೇರ ಇದೆಯಾ ನೋಡು," ಅಂದರು. ಇಲ್ಲ. ಬಾಯಿ ಹಿಡಿಗಿಂತ ಸ್ವಲ್ಪ ಓರೆ. ಎಲ್ಲಾ ಬಾಯಿ ತೆರೆದ ಸ್ಪ್ಯಾನರುಗಳೂ ಸಾಮಾನ್ಯವಾಗಿ ಹೀಗೆ 15 ಡಿಗ್ರಿ ಓರೆ ಇರುತ್ತವೆ. ಇಷ್ಟು ವರ್ಷ ಕೈಯಲ್ಲಿ ಹಿಡಿದರೂ ಯಾಕೆ ಅಂತ ನಾನು ಯೋಚಿಸಿರಲಿಲ್ಲ. ಕಾಕ ಒಂದು ಪೆನ್ಸಿಲ್ ತಗೊಂಡು ಆರು ಮೂಲೆ ಬರೆದು ತೋರಿಸಿದರು. ಒಂದು ಸಲ ತಿರುಗಿಸಿ ತೆಗೆ. ಸ್ಪ್ಯಾನರನ್ನು ದೋಸೆ ಮಗುಚಿದ ಹಾಗೆ ಮಗುಚಿ ಹಾಕು. ಓರೆ ಈಗ ಆ ಕಡೆಗೆ ಬಂತು. ಹಿಡಿ ಇದ್ದ ಜಾಗ 30 ಡಿಗ್ರಿ ಸರಿಯಿತು. ಹಾಗಾಗಿ 30 ಡಿಗ್ರಿ ಆಡಲು ಜಾಗ ಇದ್ದರೆ ಸಾಕು, ಎಂಥ ಇಕ್ಕಟ್ಟಿನಲ್ಲೂ ನಟ್ಟು ಬಿಚ್ಚಬಹುದು. ಹನ್ನೆರಡು ಸಲ ಮಗುಚಿದರೆ ಒಂದು ಸುತ್ತು.

ಗೋಣಿಯ ಮೇಲೆ ಮಲಗಿದೆ. ಕಾಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚು ಹಿಡಿದರು. ಬಾಯಿ ಹಾಕಿ, ಎಡಗೈಯಿಂದ ತಲೆಯನ್ನು ಒತ್ತಿ ಹಿಡಿದು, ಬಲಗೈಯಿಂದ ಎಳೆದೆ. ಕದಲಲಿಲ್ಲ. ಮತ್ತೆ ಎಳೆದೆ. ಇಲ್ಲ. "ಎಳೀಬೇಡ, ತಟ್ಟು," ಅಂದರು. ಹಿಡಿಯ ತುದಿಗೆ ಮರದ ಸುತ್ತಿಗೆಯಿಂದ ಸಣ್ಣಗೆ ತಟ್ಟಿದೆ. ಮೂರನೇ ಪೆಟ್ಟಿಗೆ ಟಕ್ ಅಂತ ಒಂದು ಸದ್ದು. ಅದು ಮುರಿದ ಸದ್ದೋ, ಬಿಟ್ಟ ಸದ್ದೋ ಅಂತ ಒಂದು ಕ್ಷಣ ಉಸಿರು ಹಿಡಿದೆ. ಬುಡದ ಸುತ್ತ ತುಕ್ಕಿನ ಕಂದು ಗೆರೆ ಇತ್ತಲ್ಲ, ಅದರ ಪಕ್ಕದಲ್ಲಿ ಈಗ ಕೂದಲೆಳೆಯಷ್ಟು ಹಳದಿ ಹಿತ್ತಾಳೆ ಹೊಳೆಯುತ್ತಿತ್ತು. ಬಿಟ್ಟಿದೆ. ಮಗುಚಿ ಹಾಕಿದೆ. ಮತ್ತೆ ಮಗುಚಿದೆ. ಒಂದೂವರೆ ಸುತ್ತಿಗೆ ಕೈಯಲ್ಲೇ ತಿರುಗಿತು.

ಸ್ವಿಚ್ಚು ಕೈಗೆ ಬಂದ ತಕ್ಷಣ ಆಯಿಲು ತೊಟ್ಟಿಕ್ಕಲು ಶುರು. ತೂತಿಗೆ ಬೆರಳು ಒತ್ತಿ ಹಿಡಿದೆ. ಹೊಸ ಸ್ವಿಚ್ಚು ಕೊಡಿ ಅಂತ ಕೈ ಚಾಚಿದರೆ ಕಾಕ ಕೊಡಲಿಲ್ಲ. ಎರಡನ್ನೂ ಟಾರ್ಚಿನ ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಇದು ಅದಲ್ಲ ಮೋಳೇ."

ಹಳೆಯದನ್ನೇ ವಾಪಸು ಬಿಗಿದು, ಹೊರಗೆ ಬಂದು ನಾನೂ ನೋಡಿದೆ. ಹೊಸದು ಎಂ10 ಥ್ರೆಡ್ಡಿನದ್ದು. ದಪ್ಪ 10 ಮಿಲಿಮೀಟರ್, ಒಂದು ಹಲ್ಲಿನಿಂದ ಇನ್ನೊಂದಕ್ಕೆ 1 ಮಿಲಿಮೀಟರ್. ಜೀಪಿನದ್ದು 1/8 ಎನ್‌ಪಿಟಿ, ಅಮೆರಿಕದ ಪೈಪಿನ ಥ್ರೆಡ್ಡು. ಇಂಚಿಗೆ 27 ಹಲ್ಲು, ಅಂದರೆ ಒಂದಕ್ಕೊಂದು 0.94 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಹೆಚ್ಚು ಕಮ್ಮಿ ಅಲ್ಲಲ್ಲೇ. ಇದೇ ಮೋಸ ಆಗುವ ಜಾಗ. ಎಂ10 ಸ್ವಿಚ್ಚು ಆ ತೂತಿಗೆ ಎರಡು ಮೂರು ಸುತ್ತು ಹೋಗುತ್ತದೆ, ಆಮೇಲೆ ಬಿಗಿ ಆಗುತ್ತದೆ. ಬಿಗಿ ಆಯಿತು ಅಂತ ನಾವು ಬಿಡುತ್ತೇವೆ. ನಿಜಕ್ಕೂ ಅದು ಹಿಡಿದಿರುವುದು ಎರಡು ಮೂರು ಹಲ್ಲು ಮಾತ್ರ. ಜೋರಾಗಿ ಬ್ರೇಕ್ ತುಳಿದ ದಿನ ಕಿತ್ತುಕೊಂಡು ಹೋಗಬಹುದು.

ಕಂಡುಹಿಡಿಯುವುದು ಹೇಗೆ ಅಂತ ಕಾಕ ಹೇಳಿಕೊಟ್ಟರು. ಇದಕ್ಕೆ ಯಾವ ಗೇಜೂ ಬೇಡ. ಎರಡು ಥ್ರೆಡ್ಡನ್ನೂ ಹಲ್ಲಿಗೆ ಹಲ್ಲು ಕೂರುವ ಹಾಗೆ ಪಕ್ಕಪಕ್ಕ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿಯಬೇಕು. ಒಂದೇ ಥ್ರೆಡ್ಡಾದರೆ ಬೆಳಕು ಎಲ್ಲೂ ತೂರುವುದಿಲ್ಲ. ಇವೆರಡರಲ್ಲಿ ಮೊದಲ ಮೂರು ಹಲ್ಲು ಚೆನ್ನಾಗಿ ಕೂತವು. ನಾಲ್ಕರಿಂದ ಸಣ್ಣ ಸಂದು. ಎಂಟನೆಯದಕ್ಕೆ ಬರುವಾಗ ಒಂದರ ಏಣು ಇನ್ನೊಂದರ ಏಣಿನ ಮೇಲೆಯೇ ಬಂದಿತ್ತು. ಇನ್ನೊಂದು ಗುರುತೂ ಇದೆ. ಎನ್‌ಪಿಟಿ ತುದಿಗೆ ಹೋದ ಹಾಗೆ ಸಪೂರ ಆಗುತ್ತದೆ, 16ಕ್ಕೆ 1ರ ಲೆಕ್ಕದಲ್ಲಿ. ಹಳೆಯದನ್ನು ಸ್ಕೇಲಿನ ಪಕ್ಕ ಇಟ್ಟರೆ ಇಳಿಜಾರು ಕಣ್ಣಿಗೇ ಕಾಣುತ್ತದೆ. ಹೊಸದು ಕೊಳವೆಯ ಹಾಗೆ ನೇರ.

ಈ ಸಲ ಹಳೆಯದರ ಫೋಟೋ, ಥ್ರೆಡ್ಡಿನ ಹೆಸರು ಎರಡನ್ನೂ ಬೆಂಗಳೂರಿನಲ್ಲಿರುವ ತಮ್ಮನಿಗೆ ಕಳಿಸಿದೆ. ಅವನು ಜೆ.ಸಿ. ರಸ್ತೆಯಲ್ಲಿ ಹುಡುಕಿ, ಬಸ್ಸಿನ ಪಾರ್ಸೆಲ್‌ನಲ್ಲಿ ಹಾಕಿದ. ಬಂದ ತಕ್ಷಣ ಮೊದಲು ಕಿಟಕಿಯ ಬೆಳಕಿಗೆ ಹಿಡಿದೆ. ಬೆಳಕು ತೂರಲಿಲ್ಲ. ಆ ಖುಷಿ ಹೇಳಲು ಬರುವುದಿಲ್ಲ.

ಹಾಕುವಾಗ ಅವಸರ ಮಾಡಲಿಲ್ಲ. ಇಳಿಜಾರಿನ ಥ್ರೆಡ್ಡು ಒಳಗೆ ಹೋದಷ್ಟೂ ತಾನೇ ಬಿಗಿಯಾಗುತ್ತದೆ. ಮಾಸ್ಟರ್ ಸಿಲಿಂಡರು ಎರಕದ ಕಬ್ಬಿಣ, ಜಾಸ್ತಿ ಬಲ ಹಾಕಿದರೆ ಬಿರುಕು ಬಿಡಬಹುದು. ಕೈಯಲ್ಲಿ ಹೋದಷ್ಟು ಹೋಗಲು ಬಿಟ್ಟು, ಆಮೇಲೆ ಸ್ಪ್ಯಾನರಿನಲ್ಲಿ ಒಂದು ಸುತ್ತಿಗಿಂತ ಸ್ವಲ್ಪ ಜಾಸ್ತಿ. ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಲು ಕಾಕ ಬಿಡಲಿಲ್ಲ. ಅದರ ಚೂರು ಹರಿದು ಬ್ರೇಕ್ ಲೈನಿನೊಳಗೆ ಹೋದರೆ ಸಣ್ಣ ತೂತುಗಳು ಕಟ್ಟುತ್ತವೆ.

ಸ್ವಿಚ್ಚು ತೆಗೆದಾಗ ಗಾಳಿ ಒಳಗೆ ಹೋಗಿರುತ್ತದೆ. ಹೇಗೂ ಏರ್ ತೆಗೆಯಬೇಕು, ಹಳೇ ಆಯಿಲನ್ನೂ ಪೂರ್ತಿ ಬದಲಾಯಿಸೋಣ ಅಂದೆ. ನಮ್ಮ ಮಳೆಯ ಊರಿನಲ್ಲಿ ಇದು ಮುಖ್ಯ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲು ಹೊಸದಾಗಿದ್ದಾಗ 205 ಡಿಗ್ರಿಗಿಂತ ಕೆಳಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಅದೇ ಲೆಕ್ಕ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿದರೆ ಡ್ರಮ್ಮು ಕಾದು, ಆಯಿಲು ಕುದ್ದು, ಪೆಡಲು ಸ್ಪಂಜಿನ ಹಾಗೆ ಆಗುತ್ತದೆ. ಹೊರಗೆ ಬಂದ ಹಳೇ ಆಯಿಲು ಕಾಫಿ ಕಷಾಯದ ಬಣ್ಣ ಇತ್ತು. ಎಡ ಹಿಂದಿನ ಚಕ್ರದಿಂದ ಶುರು ಮಾಡಿದೆವು, ಅದೇ ಸಿಲಿಂಡರಿಗೆ ದೂರ. ರೈಟರ್ ಪೆಡಲು ತುಳಿದರು, ನಾನು ಚಕ್ರದ ಹತ್ತಿರ ಗಾಳಿ ಬಿಡುವ ನಿಪ್ಪಲ್ ಬಿಚ್ಚಿ ಮುಚ್ಚಿದೆ. ಬಾಟಲಿಯಲ್ಲಿ ಗುಳ್ಳೆ ನಿಲ್ಲುವ ತನಕ ಮಾಡಿದೆವು. ಚಾಸಿಯ ಮೇಲೆ ಚೆಲ್ಲಿದ ಆಯಿಲಿಗೆ ತಕ್ಷಣ ನೀರು ಹಾಕಿ ತೊಳೆದೆ, ಇಲ್ಲದಿದ್ದರೆ ಬಣ್ಣವನ್ನೇ ತಿನ್ನುತ್ತದೆ.

ಸ್ವಿಚ್ಚಿನ ಬುಡಕ್ಕೆ ಟಿಶ್ಯೂ ಕಾಗದ ಸುತ್ತಿ, ರೈಟರಿಗೆ ಜೋರಾಗಿ ತುಳಿದು ಹಿಡಿಯಲು ಹೇಳಿದೆ. ಅರ್ಧ ಗಂಟೆ ಬಿಟ್ಟು ಕಾಗದ ತೆಗೆದರೆ ಒಣಗಿದ ಕಾಗದ ಒಣಗಿದ ಹಾಗೇ ಇತ್ತು.

ಒಂದು ರಿಲೇಯನ್ನೂ ಹಾಕಿಸಿದೆ. ಎರಡು 21 ವ್ಯಾಟಿನ ಬಲ್ಬು ಅಂದರೆ 42 ವ್ಯಾಟು, 12 ವೋಲ್ಟಿಗೆ ಮೂರೂವರೆ ಆಂಪಿಯರು. ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಅಷ್ಟೂ ಕರೆಂಟು ಆ ಪುಟ್ಟ ಬಿಲ್ಲೆಯ ಮೂಲಕ ಹೋಗಿ, ಕಿಡಿ ಹಾರಿ, ಸವೆಯುತ್ತದೆ. ಈಗ ಸ್ವಿಚ್ಚು ರಿಲೇಗೆ ಸನ್ನೆ ಮಾತ್ರ ಕೊಡುತ್ತದೆ. ಬಲ್ಬಿನ ಭಾರ ರಿಲೇಯ ಮೇಲೆ.

ವಿರಾಜಪೇಟೆಯವರು ಹೇಳಿದ 15/16-1 ಜೋಡಿಯೂ ಆಮೇಲೆ ಬಂತು. ಅದನ್ನು ಕಾಕನಿಗೆ ಕೊಟ್ಟೆ. ಬೇಡ ಬೇಡ ಅಂತಲೇ ಜೇಬಿಗೆ ಹಾಕಿಕೊಂಡರು.

ಅಜ್ಜನ ಸ್ಪ್ಯಾನರನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಹಿಡಿಯ ಮೇಲೆ ಬಿಳಿ ಪೇಂಟಿನಲ್ಲಿ "ಜೀಪು, 1 ಇಂಚು" ಅಂತ ಬರೆದು, ಕೆಂಪು ಗೆರೆಯೊಳಗೆ ವಾಪಸು ತೂಗು ಹಾಕಿದ್ದೇನೆ. ಉಳಿದ ಆರರ ಬಾಯಿಯನ್ನೂ ಅಳೆದು ಬರೆದೆ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ದಿನ, ಅಂದರೆ ಕೊಡಗಿನ ಆಯುಧ ಪೂಜೆಯ ಹಬ್ಬದ ದಿನ, ಕೋವಿಗಳ ಪಕ್ಕದಲ್ಲಿ ಇದನ್ನೂ ಇಡಬೇಕು, ಕೋವಿಗೆ ಮುಡಿಸುವ ತೋಕ್ ಪೂ ಹೂ ಹಾಕಿ. ಅವ್ವನಿಗೆ ಹೇಳಿದ್ದೇನೆ.

ಆ ಹುಡುಗನ ಮೊಣಕಾಲು ವಾಸಿಯಾಗಿದೆ. ಹೋಗಿ ನೋಡಿಕೊಂಡು ಬಂದೆ, ಪ್ಯಾಂಟಿನ ದುಡ್ಡು ಅವನು ತಗೊಳ್ಳಲಿಲ್ಲ, ಅವನ ಅಮ್ಮನ ಕೈಗೆ ಒಂದು ಬಾಟಲಿ ಜೇನು ಕೊಟ್ಟೆ.

ಈಗ ಜೀಪನ್ನು ಶೆಡ್ಡಿನಲ್ಲಿ ತಿರುಗಿಸಿ ನಿಲ್ಲಿಸುತ್ತೇನೆ, ಹಿಂಭಾಗ ಪಲ್ಪರ್ ಮನೆಯ ಗೋಡೆಗೆ ಬರುವ ಹಾಗೆ. ಮಳೆಗಾಲದಲ್ಲಿ ಆ ಗೋಡೆ ಸದಾ ಒದ್ದೆ. ಬೆಳಿಗ್ಗೆ ಹೊರಡುವ ಮುಂಚೆ ಪೆಡಲು ತುಳಿದು ಕನ್ನಡಿ ನೋಡಿದರೆ, ಪಾಚಿಯ ಮೇಲೆ ಎರಡು ಕೆಂಪು ಮಚ್ಚೆ ಮೂಡುತ್ತವೆ. ಕಾಲು ತೆಗೆದರೆ ಆರುತ್ತವೆ. ಮತ್ತೆ ತುಳಿದು, ಎರಡೂ ಬಂದದ್ದನ್ನು ನೋಡಿ, ಆಮೇಲೆ ಗೇರ್ ಹಾಕುತ್ತೇನೆ.